ಅಮೆರಿಕದ ಸಿಟಿಜನ್‌ಶಿಪ್ ಸಂದರ್ಶನ: ಸರ್ಕಾರದ ಮೂರು ಅಂಗಗಳ ಪಾಠದಲ್ಲೇ ಇಂಗ್ಲಿಷ್ ಕಲಿಸುವುದು ಹೇಗೆ?

ಶನಿವಾರದ_ತರಗತಿ

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಮಕ್ಕಳ ಜೊತೆ ಗ್ರೀನ್ ಕಾರ್ಡ್ ಮೇಲೆ ನೆಲೆಸಿರುವ ಹಿರಿಯರಿಗೆ ಸಿಟಿಜನ್‌ಶಿಪ್ ಸಂದರ್ಶನದ ತಯಾರಿ ಮಾಡಿಸುವ ತರಗತಿ ಬಗ್ಗೆ ಕೇಳುತ್ತಿದ್ದೇನೆ. ಎಂಟು ಜನ ಇದ್ದಾರೆ, ಎಲ್ಲರೂ ಅರವತ್ತು ದಾಟಿದವರು, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಇಂಗ್ಲಿಷ್ ಅಕ್ಷರ ಗೊತ್ತು, ಬೋರ್ಡು ಓದುತ್ತಾರೆ, ಎದುರಿನವರು ಮಾತಾಡಿದರೆ ಅರ್ಧ ತಿಳಿಯುತ್ತದೆ, ತಿರುಗಿ ಮಾತಾಡಲು ಬಾಯಿ ಬರುವುದಿಲ್ಲ. ಸಿವಿಕ್ಸ್ (ಅಮೆರಿಕದ ಸರ್ಕಾರ, ಇತಿಹಾಸ) ಪ್ರಶ್ನೆಪಟ್ಟಿ ಒಂದು ಕಡೆ, ಇಂಗ್ಲಿಷ್ ವ್ಯಾಕರಣ ಇನ್ನೊಂದು ಕಡೆ ಹೇಳಿಕೊಟ್ಟರೆ ಎರಡೂ ನಿಲ್ಲುತ್ತಿಲ್ಲ. ಕಾಂಗ್ರೆಸ್ (ಅಮೆರಿಕದ ಸಂಸತ್ತು), ಅಧ್ಯಕ್ಷ, ಸುಪ್ರೀಂ ಕೋರ್ಟ್ ಎಂಬ ಮೂರು ಅಂಗಗಳ ಪಾಠವನ್ನೇ ಇಂಗ್ಲಿಷ್ ಪಾಠ ಮಾಡಿಬಿಡಬಹುದೇ? ಯಾವ ಕ್ರಮದಲ್ಲಿ? ಎಲ್ಲಿ ಎಡವುತ್ತಾರೆ?

ಅರ್ಜಿ_ಸಹಾಯ

ಪಾಠ ಶುರು ಮಾಡುವ ಮೊದಲು ಎಂಟು ಜನರಲ್ಲಿ ಯಾರಿಗೆ ಯಾವ ಪರೀಕ್ಷೆ ಎಂದು ಬೇರೆಬೇರೆಯಾಗಿ ಬರೆದಿಟ್ಟುಕೊಳ್ಳಿ. ಎಲ್ಲರಿಗೂ ಒಂದೇ ಅಲ್ಲ.

ಎನ್-400 ಎಂಬ ಸಿಟಿಜನ್‌ಶಿಪ್ ಅರ್ಜಿಯನ್ನು 2025ರ ಅಕ್ಟೋಬರ್ 20ಕ್ಕೆ ಮುಂಚೆ ಸಲ್ಲಿಸಿದವರಿಗೆ ಹಳೆಯ, ಅಂದರೆ 2008ರ ಪರೀಕ್ಷೆ: 100 ಪ್ರಶ್ನೆಗಳ ಪಟ್ಟಿ, ಅದರಲ್ಲಿ ಹತ್ತು ಕೇಳುತ್ತಾರೆ, ಆರು ಸರಿಯಾದರೆ ಪಾಸು. ಆ ದಿನ ಅಥವಾ ನಂತರ ಸಲ್ಲಿಸಿದವರಿಗೆ 128 ಪ್ರಶ್ನೆಗಳ ಪಟ್ಟಿ, ಇಪ್ಪತ್ತು ಕೇಳುತ್ತಾರೆ, ಹನ್ನೆರಡು ಸರಿಯಾಗಬೇಕು. ಹನ್ನೆರಡು ಸರಿಯಾದ ಕೂಡಲೇ ಅಥವಾ ಒಂಬತ್ತು ತಪ್ಪಾದ ಕೂಡಲೇ ಕೇಳುವುದು ನಿಲ್ಲಿಸುತ್ತಾರೆ. ಲೆಕ್ಕಕ್ಕೆ ಬರುವುದು ಅರ್ಜಿ ಸಲ್ಲಿಸಿದ ದಿನ, ಸಂದರ್ಶನದ ದಿನ ಅಲ್ಲ.

ವಯಸ್ಸಿನ ರಿಯಾಯಿತಿಯ ವಿಷಯದಲ್ಲೇ ಹೆಚ್ಚು ಗೊಂದಲ. ಅರ್ಜಿ ಹಾಕುವಾಗ 50 ದಾಟಿ ಗ್ರೀನ್ ಕಾರ್ಡ್‌ನಲ್ಲಿ 20 ವರ್ಷ ಆಗಿದ್ದರೆ, ಅಥವಾ 55 ದಾಟಿ 15 ವರ್ಷ ಆಗಿದ್ದರೆ, ಇಂಗ್ಲಿಷ್ ಪರೀಕ್ಷೆ ಇಲ್ಲ. ಸಿವಿಕ್ಸ್ ಮಾತ್ರ, ಅದೂ ಕನ್ನಡದಲ್ಲೇ ಉತ್ತರಿಸಬಹುದು, ದುಭಾಷಿಯನ್ನು ನೀವೇ ಕರೆದುಕೊಂಡು ಹೋಗಬೇಕು. 65 ದಾಟಿ 20 ವರ್ಷ ಆದವರಿಗೆ ಇನ್ನೂ ಸುಲಭ: ಇಪ್ಪತ್ತು ಪ್ರಶ್ನೆಗಳ ಚಿಕ್ಕ ಪಟ್ಟಿ, ಹತ್ತರಲ್ಲಿ ಆರು. ಆದರೆ ಮಕ್ಕಳ ಬೆನ್ನಿಗೆ ತಡವಾಗಿ ಬಂದ ಅಪ್ಪ ಅಮ್ಮಂದಿರಿಗೆ ಇದು ಯಾವುದೂ ಸಿಗುವುದಿಲ್ಲ. ವಯಸ್ಸು 70 ಆಗಿರುತ್ತದೆ, ಗ್ರೀನ್ ಕಾರ್ಡ್ ಬಂದು ಆರೇ ವರ್ಷ. ಅಂಥವರು ಓದಿ, ಬರೆದು, ಮಾತಾಡಿ ತೋರಿಸಲೇಬೇಕು. ‘ವಯಸ್ಸಾಯಿತಲ್ಲ, ಕೇಳಲ್ಲ ಬಿಡಿ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಪೌರನೀತಿ_ಮೇಷ್ಟ್ರು

ಒಳ್ಳೆಯ ಪ್ರಶ್ನೆ. ನನ್ನ ಉತ್ತರ: ಆಗುತ್ತದೆ, ಆದರೆ ಮೊದಲ ಪಾಠ ಪೂರ್ತಿ ಕನ್ನಡದಲ್ಲೇ ಆಗಲಿ.

ನಿಮ್ಮ ಎಂಟು ಜನರೂ ಶಾಲೆಯಲ್ಲಿ ಪೌರನೀತಿ ಓದಿದವರು. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದರೆ ಥಟ್ಟನೆ ಗೊತ್ತಾಗುತ್ತದೆ. ವಿಷಯ ಆಗಲೇ ತಲೆಯಲ್ಲಿದೆ, ಇಂಗ್ಲಿಷ್ ಹೆಸರು ಮಾತ್ರ ಹೊಸದು. ಇದು ದೊಡ್ಡ ಬಂಡವಾಳ. ಹಾಗೇ ಒಂದು ಅಪಾಯವೂ ಇದೆ: ತಲೆಯಲ್ಲಿರುವ ಚಿತ್ರ ಭಾರತದ್ದು. ಅದನ್ನು ತಿದ್ದದೆ ಇಂಗ್ಲಿಷ್ ವಾಕ್ಯ ಕಲಿಸಿದರೆ ಬಾಯಲ್ಲಿ ಒಂದು, ಮನಸ್ಸಿನಲ್ಲಿ ಒಂದು ಆಗಿ, ಪ್ರಶ್ನೆ ಸ್ವಲ್ಪ ತಿರುಗಿದರೆ ಉತ್ತರ ಕೈಕೊಡುತ್ತದೆ.

ತಿದ್ದಬೇಕಾದದ್ದು ಇಷ್ಟು. ಅಮೆರಿಕದಲ್ಲಿ ಪ್ರಧಾನಿ ಇಲ್ಲ. ಅಧ್ಯಕ್ಷರೇ ಕಾರ್ಯಾಂಗದ ಮುಖ್ಯಸ್ಥರು, ಅವರು ಕಾಂಗ್ರೆಸ್ಸಿನ ಸದಸ್ಯರಲ್ಲ, ಅಲ್ಲಿ ಬಹುಮತ ಕಳೆದುಕೊಂಡರೆ ಸರ್ಕಾರ ಬೀಳುವುದೂ ಇಲ್ಲ. ನಮ್ಮ ರಾಷ್ಟ್ರಪತಿ ಮಸೂದೆಯನ್ನು ಒಮ್ಮೆ ವಾಪಸ್ ಕಳಿಸಬಹುದು, ಸಂಸತ್ತು ಮತ್ತೆ ಅಂಗೀಕರಿಸಿದರೆ ಒಪ್ಪಿಗೆ ಕೊಡಲೇಬೇಕು. ಅಮೆರಿಕದ ಅಧ್ಯಕ್ಷರು ವೀಟೊ ಹಾಕಿದರೆ, ಅಂದರೆ ಮಸೂದೆಯನ್ನು ತಿರಸ್ಕರಿಸಿದರೆ, ಅದನ್ನು ಮೀರಲು ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗದ ಮತ ಬೇಕು. ಹಾಗಾಗಿ ತರಗತಿಯಲ್ಲಿ ‘ರಾಷ್ಟ್ರಪತಿ’ ಎನ್ನಬೇಡಿ, ‘ಅಧ್ಯಕ್ಷ’ ಎನ್ನಿ. ರಾಷ್ಟ್ರಪತಿ ಎಂದ ತಕ್ಷಣ ಹಿರಿಯರ ಮನಸ್ಸಿಗೆ ಬರುವುದು ಮಂತ್ರಿಮಂಡಲ ಹೇಳಿದ ಕಡೆ ಸಹಿ ಹಾಕುವ ಸ್ಥಾನ.

ಮಂತ್ರಿ ಎಂಬ ಮಾತೂ ಹಾಗೇ. ನಮ್ಮಲ್ಲಿ ಮಂತ್ರಿ ಆಗಬೇಕಾದರೆ ಶಾಸಕರೋ ಸಂಸದರೋ ಆಗಿರಬೇಕು, ಇಲ್ಲವೇ ಆರು ತಿಂಗಳೊಳಗೆ ಆಗಬೇಕು. ಅಲ್ಲಿ ಉಲ್ಟಾ: ಕ್ಯಾಬಿನೆಟ್ ಸೇರಿದವರು ಕಾಂಗ್ರೆಸ್ ಸದಸ್ಯರಾಗಿ ಉಳಿಯುವಂತಿಲ್ಲ. ಅವರಲ್ಲಿ ಹೆಚ್ಚಿನವರನ್ನು ಸೆಕ್ರೆಟರಿ ಎನ್ನುತ್ತಾರೆ. ‘ಸೆಕ್ರೆಟರಿ ಆಫ್ ಸ್ಟೇಟ್’ ಎಂದರೆ ವಿದೇಶಾಂಗ ಮಂತ್ರಿ, ರಾಜ್ಯದ ಕಾರ್ಯದರ್ಶಿ ಅಲ್ಲ.

ಸಾಮ್ಯ ಇರುವ ಕಡೆ ಅದನ್ನು ಚೆನ್ನಾಗಿ ಬಳಸಿ. ಸೆನೆಟ್ ವಿವರಿಸಲು ರಾಜ್ಯಸಭೆಯಷ್ಟು ಹತ್ತಿರದ್ದು ಬೇರೆ ಇಲ್ಲ: ಎರಡರಲ್ಲೂ ಅವಧಿ ಆರು ವರ್ಷ, ಎರಡರಲ್ಲೂ ಎರಡು ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಬದಲಾಗುತ್ತದೆ, ನಮ್ಮಲ್ಲಿ ಉಪರಾಷ್ಟ್ರಪತಿ, ಅಲ್ಲಿ ಉಪಾಧ್ಯಕ್ಷರು ಸಭಾಪತಿ. ವ್ಯತ್ಯಾಸ ಎರಡು. ರಾಜ್ಯಸಭೆಯಲ್ಲಿ ಕರ್ನಾಟಕಕ್ಕೆ 12 ಸ್ಥಾನ, ಪುಟ್ಟ ರಾಜ್ಯಕ್ಕೆ ಒಂದೇ. ಸೆನೆಟ್‌ನಲ್ಲಿ ದೊಡ್ಡ ಕ್ಯಾಲಿಫೋರ್ನಿಯಾಕ್ಕೂ ಎರಡು, ಪುಟ್ಟ ಡೆಲವೇರ್‌ಗೂ ಎರಡು. ಇನ್ನೊಂದು, ಸೆನೆಟರುಗಳನ್ನು ಶಾಸಕರಲ್ಲ, ಜನರೇ ನೇರವಾಗಿ ಆರಿಸುತ್ತಾರೆ, ಸಂವಿಧಾನದ 1913ರ ಹದಿನೇಳನೇ ತಿದ್ದುಪಡಿಯಿಂದ ಈಚೆಗೆ.

ಇಷ್ಟಕ್ಕೆ ಎರಡು ತರಗತಿ ಕೊಡಿ. ಆಮೇಲೆ ಇಂಗ್ಲಿಷ್.

ಧಾರವಾಡದಾಕಿ

ಮೇಷ್ಟ್ರು ಬರೋಬ್ಬರಿ ಹೇಳ್ಯಾರ. ಇನ್ನ ಇಂಗ್ಲಿಷ್ ಕಡೆಯಿಂದ ನಾ ಹೇಳ್ತೀನಿ.

ಮೂರು ಅಂಗದ ಪಾಠ ಇಂಗ್ಲಿಷ್ ಕಲಿಯಾಕ ಯಾಕ ಛಲೋ ಅಂದ್ರ, ಇದರಾಗ ಎಲ್ಲಾ ವಾಕ್ಯ ಒಂದೇ ನಮೂನಿ: ಯಾರು, ಏನ್ ಮಾಡ್ತಾರ, ಏನನ್ನ. ನಾವು ಕನ್ನಡದಾಗ ‘ಕಾಂಗ್ರೆಸ್ ಕಾನೂನು ಮಾಡ್ತದ’ ಅಂತೀವಿ, ಕ್ರಿಯಾಪದ ಕಡೀಕ. ಇಂಗ್ಲಿಷಿನಾಗ ಅದನ್ನ ಎತ್ತಿ ನಡುವ ಇಡಬೇಕು: ‘ಕಾಂಗ್ರೆಸ್ ಮೇಕ್ಸ್ ಲಾಝ್’. ಈ ಒಂದು ಅದಲುಬದಲು ಕೈಗೆ ಹತ್ತಿದ್ರ ಅರ್ಧ ಕೆಲಸ ಆತು.

ಕಾರ್ಡ್ ಮಾಡ್ರಿ. ನೀಲಿ ಕಾರ್ಡ್ ಐದು: ಕಾಂಗ್ರೆಸ್, ದ ಹೌಸ್ (ಕಾಂಗ್ರೆಸ್ಸಿನ ಕೆಳಮನಿ, ನಮ್ಮ ಲೋಕಸಭಾ ಇದ್ದಂಗ), ದ ಸೆನೆಟ್, ದ ಪ್ರೆಸಿಡೆಂಟ್, ದ ಸುಪ್ರೀಂ ಕೋರ್ಟ್. ಹಳದಿ ಕಾರ್ಡ್ ಎಂಟು, ಕ್ರಿಯಾಪದ: ಮೇಕ್ಸ್, ಪಾಸಸ್, ಸೈನ್ಸ್, ವೀಟೋಸ್, ಡಿಕ್ಲೇರ್ಸ್, ಅಪಾಯಿಂಟ್ಸ್, ಕನ್‌ಫರ್ಮ್ಸ್, ರಿವ್ಯೂಸ್. ಬಿಳಿ ಕಾರ್ಡ್ ನಾಕು: ಲಾಝ್, ಬಿಲ್ಸ್, ವಾರ್, ಫೆಡರಲ್ ಜಡ್ಜಸ್. ಮೇಜಿನ ಮ್ಯಾಲ ಹರವಿ ವಾಕ್ಯ ಜೋಡಿಸಿ ಗಟ್ಟಿಯಾಗಿ ಓದಸ್ರಿ. ಎಲ್ಲಾರೂ ತಪ್ಪೂದು ಒಂದು ಜಾಗಾ ಅದ: ‘ದ ಪ್ರೆಸಿಡೆಂಟ್ ಡಿಕ್ಲೇರ್ಸ್ ವಾರ್’. ವಾಕ್ಯ ಸರಿ ಅದ, ವಿಷಯ ತಪ್ಪು. ಸೈನ್ಯದ ಮುಖ್ಯಸ್ಥ ಅಧ್ಯಕ್ಷ, ಆದ್ರ ಯುದ್ಧ ಘೋಷಿಸೋ ಅಧಿಕಾರ ಕಾಂಗ್ರೆಸ್ಸಿಂದು. ಇಂಥಾ ತಪ್ಪು ಬಂದಾಗ ಸುಮ್ನ ತಿದ್ದಬ್ಯಾಡ್ರಿ. ‘ಹೂ ಡಿಕ್ಲೇರ್ಸ್ ವಾರ್?’ ಅಂತ ಕೇಳ್ರಿ, ಅವರ ನೀಲಿ ಕಾರ್ಡ್ ಬದಲಿ ಮಾಡ್ಲಿ. ಅಲ್ಲೇ ಇಂಗ್ಲಿಷೂ ಆತು, ಸಿವಿಕ್ಸೂ ಆತು.

ಕಾರ್ಡಿನಾಗ ‘ದ’ ಸೇರಿಸೇ ಬರೀರಿ. ನಮ್ಮ ಭಾಷಾದಾಗ ಅದು ಇಲ್ಲ, ಅದಕ್ಕ ಬಿಟ್ಟೇ ಬಿಡ್ತಾರ. ಕಾಂಗ್ರೆಸ್‌ಗೆ ಬ್ಯಾಡ, ಉಳಿದ ನಾಕಕ್ಕೂ ಬೇಕು. ನಿಯಮ ವಿವರಿಸಾಕ ಹೋಗಬ್ಯಾಡ್ರಿ, ಹೆಸರಿನ ಒಂದು ಭಾಗ ಅನ್ನೂ ಹಂಗ ಬಾಯಿಗೆ ಕೂಡಲಿ.

ಹಂಗ ಕ್ರಿಯಾಪದದ ಕಡೀಕ ಬರೋ ‘ಸ್’. ‘ಪ್ರೆಸಿಡೆಂಟ್ ಸೈನ್ ಬಿಲ್’ ಅಂದ್ರ ಅಧಿಕಾರಿಗೆ ತಿಳೀತದ, ಫೇಲ್ ಮಾಡೂದಿಲ್ಲ. ಇದಕ್ಕ ಮೂರು ವಾರ ಕಳೀಬ್ಯಾಡ್ರಿ. ಕಾರ್ಡ್ ಮ್ಯಾಲ ಇದ್ರ ಸಾಕು, ತಾನ ಬರ್ತದ.

ಕಾವೇರಿ_ಕಡೆಯವ

ಇಷ್ಟೆಲ್ಲ ಬೇಕಾ ಸರ್? ಪ್ರಶ್ನೆ, ಉತ್ತರ ಎರಡೂ ಸರ್ಕಾರದ ವೆಬ್‌ಸೈಟ್‌ನಲ್ಲೇ ಸಿಗುತ್ತೆ. ಹಿರಿಯರಿಗೆ ಬಾಯಿಪಾಠ ಹೊಸದಲ್ಲ. ದಿನಕ್ಕೆ ನಾಲ್ಕು ಪ್ರಶ್ನೆ ಅಂದರೂ 128 ಪ್ರಶ್ನೆ ಮೂವತ್ತೆರಡು ದಿನದಲ್ಲಿ ಮುಗಿಯುತ್ತೆ. ಇಪ್ಪತ್ತಕ್ಕೆ ಹನ್ನೆರಡು ತಾನೇ ಬೇಕಾಗಿರೋದು?

ಪೌರನೀತಿ_ಮೇಷ್ಟ್ರು

ಬಾಯಿಪಾಠ ಬೇಡ ಎನ್ನುತ್ತಿಲ್ಲ. ಸಂಖ್ಯೆ, ಹೆಸರು, ವರ್ಷ ಎಲ್ಲ ಬಾಯಿಪಾಠವೇ ಆಗಬೇಕು. ಅದೊಂದೇ ಸಾಕು ಎಂಬುದನ್ನು ಒಪ್ಪುವುದಿಲ್ಲ, ಕಾರಣ ಇಲ್ಲಿದೆ.

ಹಳೆಯ ಪಟ್ಟಿಯಲ್ಲಿ ಒಂದು ಪ್ರಶ್ನೆ: ‘ಹೂ ಈಸ್ ಇನ್ ಚಾರ್ಜ್ ಆಫ್ ದ ಎಕ್ಸಿಕ್ಯುಟಿವ್ ಬ್ರಾಂಚ್?’ ಅಂದರೆ ಕಾರ್ಯಾಂಗದ ಉಸ್ತುವಾರಿ ಯಾರದು? ಉತ್ತರ, ‘ದ ಪ್ರೆಸಿಡೆಂಟ್’. ಹೊಸ ಪಟ್ಟಿಯಲ್ಲಿ ಅದೇ ವಿಷಯ ತಿರುಗಿ ನಿಂತಿದೆ: ಅಧ್ಯಕ್ಷರು ಯಾವ ಅಂಗದ ಉಸ್ತುವಾರಿ ಹೊತ್ತಿದ್ದಾರೆ? ಉತ್ತರ, ‘ಎಕ್ಸಿಕ್ಯುಟಿವ್ ಬ್ರಾಂಚ್’. ಹಳೆಯ ಧ್ವನಿಮುದ್ರಿಕೆ ಕೇಳಿ ಬಾಯಿಪಾಠ ಮಾಡಿದವರು ‘ಪ್ರೆಸಿಡೆಂಟ್’, ‘ಇನ್ ಚಾರ್ಜ್’ ಎಂಬ ಎರಡು ಮಾತು ಕಿವಿಗೆ ಬಿದ್ದ ಕೂಡಲೇ ‘ದ ಪ್ರೆಸಿಡೆಂಟ್’ ಎಂದುಬಿಡುತ್ತಾರೆ. ಪ್ರಶ್ನೆಯಲ್ಲೇ ಇರುವುದನ್ನು ಉತ್ತರವಾಗಿ ಹೇಳಿದಂತಾಯಿತು. ಹಾಗೇ, ಹಳೆಯದರಲ್ಲಿ ಫೆಡರಲ್ ಕಾನೂನು ‘ಮಾಡುವವರು ಯಾರು’ ಎಂದಿತ್ತು. ಹೊಸದರಲ್ಲಿ ಸರ್ಕಾರದ ‘ಯಾವ ಭಾಗ ಕಾನೂನು ಬರೆಯುತ್ತದೆ’ ಎಂದಿದೆ. ಉತ್ತರ ಒಂದೇ, ಆದರೆ ಕೇಳಿಸಿಕೊಳ್ಳುವ ಕಿವಿ ಬೇಕು.

ಆದ್ದರಿಂದ ಪ್ರತಿ ವಾಕ್ಯಕ್ಕೂ ಮೂರು ಕಡೆಯಿಂದ ಪ್ರಶ್ನೆ ಕೇಳಿಸಿ. ‘ದ ಪ್ರೆಸಿಡೆಂಟ್ ವೀಟೋಸ್ ಬಿಲ್ಸ್’ ಎಂಬುದನ್ನು ತೆಗೆದುಕೊಳ್ಳಿ. ಯಾರು ವೀಟೊ ಮಾಡುತ್ತಾರೆ? ಅಧ್ಯಕ್ಷರು ಯಾವುದನ್ನು ವೀಟೊ ಮಾಡುತ್ತಾರೆ? ಅಧ್ಯಕ್ಷರ ಒಂದು ಅಧಿಕಾರ ಹೇಳಿ. ಮೂರಕ್ಕೂ ಒಂದೇ ವಾಕ್ಯದ ಬೇರೆಬೇರೆ ತುಂಡು ಉತ್ತರ. ಪಟ್ಟಿಯನ್ನು ಕ್ರಮಸಂಖ್ಯೆ ಪ್ರಕಾರ ಓದಿಸುವುದನ್ನಂತೂ ಎರಡನೇ ವಾರಕ್ಕೇ ನಿಲ್ಲಿಸಿ. ಕ್ರಮದಲ್ಲಿ ಕಲಿತವರಿಗೆ ಹಿಂದಿನ ಪ್ರಶ್ನೆ ಕೇಳದಿದ್ದರೆ ಮುಂದಿನ ಉತ್ತರ ನೆನಪಾಗುವುದಿಲ್ಲ.

ಅರ್ಜಿ_ಸಹಾಯ

ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಪ್ರಶ್ನೆಯ ಮೊದಲ ಎರಡು ಪದಗಳ ಮೇಲೆ ಬೇರೆಯೇ ಅಭ್ಯಾಸ ಇರಲಿ. ‘ಹೌ ಮೆನಿ ಸೆನೆಟರ್ಸ್’ ಎಂದರೆ 100. ‘ಹೌ ಲಾಂಗ್’ ಎಂದರೆ ಆರು ವರ್ಷ. ಎರಡಕ್ಕೂ ಸಂಖ್ಯೆಯೇ ಉತ್ತರ ಆದ್ದರಿಂದ ಗಡಿಬಿಡಿಯಲ್ಲಿ ಅದಲುಬದಲಾಗುತ್ತದೆ. ನ್ಯಾಯಮೂರ್ತಿಗಳಿಗೆ ‘ಹೌ ಲಾಂಗ್’ ಕೇಳಿದರೆ ಸಂಖ್ಯೆಯೇ ಇಲ್ಲ, ‘ಫಾರ್ ಲೈಫ್’.

ಮೂರು ಅಂಗಗಳ ಸಂಖ್ಯೆಗಳನ್ನು ಒಂದೇ ಹಾಳೆಯಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಹಚ್ಚಿ: ಹೌಸ್ 435 ಮತದಾನದ ಸದಸ್ಯರು, 2 ವರ್ಷ. ಸೆನೆಟ್ 100, 6 ವರ್ಷ. ಅಧ್ಯಕ್ಷರು 4 ವರ್ಷ, ಎರಡೇ ಅವಧಿ. ಸುಪ್ರೀಂ ಕೋರ್ಟ್ 9 ಸ್ಥಾನ, ತೀರ್ಪಿಗೆ ಸಾಮಾನ್ಯವಾಗಿ 5. ತಿದ್ದುಪಡಿ 27. ಹದಿಮೂರು–ಮೂವತ್ತು, ಹದಿನೈದು–ಐವತ್ತು ಇಂಗ್ಲಿಷ್‌ನಲ್ಲಿ ಕಿವಿಗೆ ಒಂದೇ ಥರ ಕೇಳುತ್ತವೆ. ಮೂಲ ವಸಾಹತುಗಳು ಹದಿಮೂರು, ಈಗಿನ ರಾಜ್ಯಗಳು ಐವತ್ತು, ಹಾಗಾಗಿ ‘ಥರ್-ಟೀನ್’ನಲ್ಲಿ ಕೊನೆಯ ಭಾಗವನ್ನು ಎಳೆದು, ‘ಫಿಫ್-ಟಿ’ಯಲ್ಲಿ ಮೊದಲ ಭಾಗವನ್ನು ಒತ್ತಿ ಹೇಳುವ ಅಭ್ಯಾಸ ಮಾಡಿಸಿ.

ಶನಿವಾರದ_ತರಗತಿ

ತುಂಬಾ ಉಪಯೋಗ ಆಗುತ್ತಿದೆ. ಉಚ್ಚಾರಣೆ ಬಗ್ಗೆ ಧಾರವಾಡದಕ್ಕ ಇನ್ನೂ ಸ್ವಲ್ಪ ಹೇಳಬೇಕು. ಎಲ್ಲರೂ ಉತ್ತರವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಓದುತ್ತಾರೆ. ಬಿಡಿಸಬೇಕಾ?

ಇನ್ನೊಂದು: ಹೊಸ ಪಟ್ಟಿಯಲ್ಲಿ ‘ವೈ’ (ಯಾಕೆ) ಪ್ರಶ್ನೆಗಳು ಜಾಸ್ತಿ. ಅಲ್ಲಿ ಎಲ್ಲರೂ ಮೌನ.

ಧಾರವಾಡದಾಕಿ

ಪೂರ್ತಿ ಬಿಡಸಬ್ಯಾಡ್ರಿ, ಧೈರ್ಯ ಕುಂದ್ತದ. ಆದ್ರ ಬರೆಯೋ ರೀತಿ ತಿದ್ರಿ. ‘ಲಾಸ್’ ಅಂತ ಬರಕೊಂಡ್ರ ಕಾನೂನು ಹೋಗಿ ನಷ್ಟ ಆಗ್ತದ. ಅಲ್ಲಿ ‘ಝ್’ ಬರೀರಿ, ಎಳದು ಹೇಳ್ರಿ. ಒತ್ತು ಎಲ್ಲಿ ಬೀಳ್ತದ ಅದರ ಕೆಳಗ ಗೆರಿ ಎಳೀರಿ. ಅಮೆರಿಕದವರ ಕಿವಿ ಅಕ್ಷರಕ್ಕಿಂತ ಒತ್ತನ್ನ ಹುಡಕ್ತದ. ಲೆಜಿಸ್ಲೇಟಿವ್ ಅಂದ್ರ ಮೊದಲನೇ ‘ಲೆ’ ಮ್ಯಾಲ ಒತ್ತು. ಇಗ್-ಝೆಕ್-ಯು-ಟಿವ್, ಇದರಾಗ ‘ಝೆಕ್’ ಮ್ಯಾಲ. ಜುಡಿಷಲ್, ‘ಡಿ’ ಮ್ಯಾಲ. ರೆಪ್ರಿಝೆಂಟಟಿವ್ಸ್, ‘ಝೆನ್’ ಮ್ಯಾಲ. ಎಲ್ಲಾ ಅಕ್ಷರಕ್ಕೂ ಸಮ ತೂಕ ಕೊಟ್ಟು ಕನ್ನಡದ ಹಂಗ ಹೇಳಿದ್ರ ಗೊತ್ತಿದ್ದ ಶಬ್ದನೂ ಅವರಿಗೆ ಹೊಳೆಯೂದಿಲ್ಲ.

ನಮ್ಮವರ ಬಾಯಾಗ ತಪ್ಪದೇ ಬರೋ ತೊಂದ್ರಿ ಇವು:

ಶಬ್ದದ ಕಡೀಕ ‘ಉ’ ಹಚ್ಚೂದು. ಸೆನೇಟು, ಕೋರ್ಟು, ಪ್ರೆಸಿಡೆಂಟು. ಬಾಯಿ ಮುಚ್ಚಿ ನಿಲ್ಲಸಾಕ ಕಲಸ್ರಿ.

ಶುರುವಿಗೆ ‘ಎ’ ಬಂದ್ರ ‘ಯೆ’ ಅನ್ನೂದು, ‘ಒ’ ಬಂದ್ರ ‘ವೊ’ ಅನ್ನೂದು. ಯೆಲೆಕ್ಟ್ ಅಂದ್ರ ನಡೀತದ. ಆದ್ರ ಪ್ರಮಾಣವಚನಕ್ಕ ಇರೋ ‘ಓತ್’ ಶಬ್ದ ‘ವೋತ್’ ಆಗಿ, ಕೇಳೋರಿಗೆ ‘ವೋಟ್’ ಅಂತ ಕೇಳಸ್ತದ. ಎರಡೂ ಸಂದರ್ಶನದಾಗ ಬರೋ ಶಬ್ದನ. ‘ಓತ್’ಗೆ ತುಟಿ ಮೊದಲ ತೆರೆದಿರಬೇಕು, ಕಡೀಕ ನಾಲಗಿ ತುದಿ ಹಲ್ಲಿಗೆ ತಾಗಬೇಕು. ‘ವೋಟ್’ಗೆ ಕೆಳತುಟಿ ಮ್ಯಾಲಿನ ಹಲ್ಲಿಗೆ ತಾಗಿ ಶುರು ಆಗಬೇಕು. ವೀಟೊ, ವೋಟ್, ವೈಸ್ ಪ್ರೆಸಿಡೆಂಟ್ ಮೂರಕ್ಕೂ ಹಲ್ಲು. ವೈಟ್ ಹೌಸ್, ವಾಷಿಂಗ್ಟನ್, ವಾರ್ ಮೂರಕ್ಕೂ ತುಟಿ ಗುಂಡಗ. ನಮ್ಮ ‘ವ’ ಎರಡರ ನಡುವ ನಿಂತದ, ಅದಕ್ಕ ಫರಕು ಕೈಗನ್ನಡಿ ಹಿಡದು ತೋರಸ್ರಿ.

ಇನ್ನ ‘ವೈ’. ಇದು ನಮಗ ಕಷ್ಟ ಅಲ್ಲ ಅಂತ ಮೊದಲ ಹೇಳ್ರಿ. ಕನ್ನಡದಾಗ ‘ಸ್ವತಂತ್ರ ಇರಲಿಕ್ಕೆ’ ಅಂತೀವಲ್ಲ, ಆ ಕಡೀಕ ಬರೋ ‘ಲಿಕ್ಕೆ’ ಇಂಗ್ಲಿಷಿನಾಗ ಮುಂದ ಬಂದು ‘ಟು’ ಆಗ್ತದ. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು ಜೀವನಪೂರ್ತಿ ಯಾಕ ಇರ್ತಾರ? ರಾಜಕೀಯದಿಂದ ಸ್ವತಂತ್ರ ಇರಲಿಕ್ಕೆ: ‘ಟು ಬಿ ಇಂಡಿಪೆಂಡೆಂಟ್ ಆಫ್ ಪಾಲಿಟಿಕ್ಸ್’. ಹೌಸ್ ಸದಸ್ಯರ ಅವಧಿ ಯಾಕ ಸಣ್ಣದು? ಜನರ ಅಭಿಪ್ರಾಯಕ್ಕ ಹತ್ತಿರ ಇರಲಿಕ್ಕೆ: ‘ಟು ಫಾಲೋ ಪಬ್ಲಿಕ್ ಒಪೀನಿಯನ್’. ಎರಡನೇದು ‘ಬಿಕಾಸ್’: ಕೆಲವು ರಾಜ್ಯಕ್ಕ ಹೌಸಿನಾಗ ಜಾಸ್ತಿ ಸದಸ್ಯರು ಯಾಕ? ‘ಬಿಕಾಸ್ ದೇ ಹ್ಯಾವ್ ಮೋರ್ ಪೀಪಲ್’. ಮೂರನೇದು ‘ಸೋ’: ಮೂರು ಅಂಗ ಯಾಕ? ‘ಸೋ ಒನ್ ಪಾರ್ಟ್ ಡಝ್ ನಾಟ್ ಬಿಕಮ್ ಟೂ ಪವರ್‌ಫುಲ್’. ಈ ಮೂರು ಬೀಗದಕೈ ಸಾಕು, ಸರ್ಕಾರದ ಭಾಗದಾಗಿನ ‘ವೈ’ ಬಹುತೇಕ ತೆರೀತಾವ. ‘ಚೆಕ್ಸ್ ಅಂಡ್ ಬ್ಯಾಲೆನ್ಸಸ್’ (ಒಂದು ಅಂಗ ಇನ್ನೊಂದನ್ನ ಹಿಡಿತದಾಗ ಇಡೂದು) ಅಂದ್ರೂ ಕೊನೇ ಪ್ರಶ್ನೆಗೆ ಉತ್ತರ ಸರೀನ ಅದ, ಬಾಯಿ ತಿರುಗದವರಿಗೆ ಅದನ್ನ ಕೊಡ್ರಿ.

ಕಾವೇರಿ_ಕಡೆಯವ

ಈ ‘ಲಿಕ್ಕೆ’ ವಿಷಯ ಹೊಳೆದೇ ಇರಲಿಲ್ಲ ಅಕ್ಕ. ‘ವೈ’ ಪ್ರಶ್ನೆಗೆ ಬಾಯಿಪಾಠ ಸಾಲೋದಿಲ್ಲ ಅನ್ನೋದನ್ನ ಒಪ್ಪಿದೆ.

ಮಲ್ಲಿಗೆ_ಬಳ್ಳಿ

ಓದುವುದು, ಬರೆಯುವುದನ್ನು ಯಾರೂ ಹೇಳಿಲ್ಲ. ಇಂಗ್ಲಿಷ್ ಪರೀಕ್ಷೆ ಎಂದರೆ ಮೂರು ತುಂಡು. ಓದಲು ಮೂರು ವಾಕ್ಯದವರೆಗೆ ಕೊಡುತ್ತಾರೆ, ಒಂದನ್ನು ಸರಿಯಾಗಿ ಓದಿದರೆ ಸಾಕು. ಬರೆಯಲು ಮೂರು ವಾಕ್ಯದವರೆಗೆ ಹೇಳುತ್ತಾರೆ, ಒಂದನ್ನು ಅರ್ಥವಾಗುವಂತೆ ಬರೆದರೆ ಸಾಕು. ಮಾತನ್ನು ಸಂದರ್ಶನದಲ್ಲೇ ನೋಡುತ್ತಾರೆ.

ಓದು–ಬರಹಕ್ಕೆ ಸರ್ಕಾರವೇ ಪದಪಟ್ಟಿ ಕೊಟ್ಟಿದೆ, ಅದು ಚಿಕ್ಕದು. ಗಮನಿಸಬೇಕಾದ ಸಂಗತಿ: ಅದರಲ್ಲಿ ಕಾಂಗ್ರೆಸ್, ಸೆನೆಟರ್ಸ್, ಪ್ರೆಸಿಡೆಂಟ್, ವೈಟ್ ಹೌಸ್, ಕ್ಯಾಪಿಟಲ್, ಸಿಟಿಜನ್ಸ್, ವೋಟ್, ಎಲೆಕ್ಟ್ ಇವೆ. ಕೋರ್ಟ್, ಜಡ್ಜ್, ಜಸ್ಟಿಸ್, ಲೆಜಿಸ್ಲೇಟಿವ್, ಎಕ್ಸಿಕ್ಯುಟಿವ್ ಯಾವುದೂ ಇಲ್ಲ. ಅಂದರೆ ಶಾಸಕಾಂಗ, ಅಧ್ಯಕ್ಷ ಈ ಎರಡರ ಪದಗಳನ್ನು ಬರೆಯಲು ಕಲಿಸಿ. ನ್ಯಾಯಾಂಗದ್ದು ಕಿವಿಗೂ ಬಾಯಿಗೂ ಮಾತ್ರ ಸಾಕು. ‘ಎಕ್ಸಿಕ್ಯುಟಿವ್’ನ ಸ್ಪೆಲ್ಲಿಂಗ್ ಉರು ಹೊಡೆಸಿ ಹಿರಿಯರನ್ನು ದಣಿಸಬೇಡಿ. ಇದರಿಂದ ಉಳಿದ ಸಮಯವನ್ನು ನಿಜವಾಗಿ ಕೈಕೊಡುವ ಪದಗಳಿಗೆ ಕೊಡಿ: ‘ಲಿಂಕನ್’ನಲ್ಲಿ ಕಿವಿಗೆ ಕೇಳದ ಎರಡನೇ ಎಲ್ ಅಕ್ಷರ, ‘ಫೆಬ್ರವರಿ’ಯ ನಡುವಿನ ಆರ್, ‘ಪೀಪಲ್’ನ ಓ, ‘ರೈಟ್’ನ ಜಿ ಮತ್ತು ಎಚ್.

‘ಕ್ಯಾಪಿಟಲ್’ ಪದ ಎರಡಿವೆ. ರಾಜಧಾನಿ ಎಂಬುದಕ್ಕೆ ಕೊನೆಯಲ್ಲಿ ಎ-ಎಲ್. ಕಾಂಗ್ರೆಸ್ ಸೇರುವ ಕಟ್ಟಡಕ್ಕೆ ಓ-ಎಲ್. ಪದಪಟ್ಟಿಯಲ್ಲಿರುವುದು ರಾಜಧಾನಿ. ಮೊಮ್ಮಕ್ಕಳು ಹೇಳಿಕೊಟ್ಟ ಎರಡನೆಯದನ್ನು ಬರೆದು ಗೊಂದಲ ಮಾಡಿಕೊಳ್ಳುವುದು ಬೇಡ.

ಸಣ್ಣ ಸ್ಪೆಲ್ಲಿಂಗ್ ತಪ್ಪು, ದೊಡ್ಡಕ್ಷರದ ತಪ್ಪು, ಚುಕ್ಕೆ ಬಿಟ್ಟದ್ದು ಇವಕ್ಕೆ ಫೇಲ್ ಮಾಡುವುದಿಲ್ಲ, ಅರ್ಥ ಕೆಡಬಾರದು ಅಷ್ಟೇ. ಆದರೆ ಹೇಳಿದ ಪದವನ್ನು ಮೊಟಕುಗೊಳಿಸಿ ಬರೆಯುವಂತಿಲ್ಲ. ‘ಯುನೈಟೆಡ್ ಸ್ಟೇಟ್ಸ್’ ಎಂದು ಉಕ್ತಲೇಖನ ಕೊಟ್ಟರೆ ಎರಡೇ ಅಕ್ಷರ ಬರೆದು ಬಿಡಬಾರದು. ಸಂಖ್ಯೆಯನ್ನು ಮಾತ್ರ ಅಂಕಿಯಲ್ಲಿ ಬರೆಯಬಹುದು: ಪಟ್ಟಿಯಲ್ಲೇ 50, 100 ಎರಡೂ ರೀತಿ ಇವೆ.

ಅಭ್ಯಾಸಕ್ಕೆ ಪಟ್ಟಿಯ ಪದಗಳಿಂದಲೇ ವಾಕ್ಯ ಕಟ್ಟಿ: ‘ಸಿಟಿಜನ್ಸ್ ಎಲೆಕ್ಟ್ ದ ಪ್ರೆಸಿಡೆಂಟ್’, ‘ಕಾಂಗ್ರೆಸ್ ಮೀಟ್ಸ್ ಇನ್ ವಾಷಿಂಗ್ಟನ್ ಡಿ.ಸಿ.’, ‘ಕಾಂಗ್ರೆಸ್ ಹ್ಯಾಸ್ 100 ಸೆನೆಟರ್ಸ್’. ದಿನಕ್ಕೆ ಐದು ವಾಕ್ಯ, ಒಂದೊಂದನ್ನು ಎರಡು ಸಲ ನಿಧಾನಕ್ಕೆ ಹೇಳಿ. ಈಗ ಹಲವು ಕಚೇರಿಗಳಲ್ಲಿ ಕಾಗದ ಇಲ್ಲ, ಟ್ಯಾಬ್ಲೆಟ್ ಮೇಲೆ ಕಡ್ಡಿಯಲ್ಲಿ ಬರೆಯಿಸುತ್ತಾರೆ. ಗಾಜಿನ ಮೇಲೆ ಕೈ ಜಾರಿ ಅಕ್ಷರ ಊದಿಕೊಳ್ಳುತ್ತದೆ, ವಾಕ್ಯ ಅಂಚಿಗೆ ಬಂದು ನಿಲ್ಲುತ್ತದೆ. ಕೊನೆಯ ಎರಡು ವಾರ ಮನೆಯ ಟ್ಯಾಬ್ಲೆಟ್ ಮೇಲೆ ಬರೆಸಿ.

ಅರ್ಜಿ_ಸಹಾಯ

ಇಲ್ಲಿ ಎಲ್ಲರೂ ಸಿವಿಕ್ಸ್ ಕಡೆ ನೋಡುತ್ತಿದ್ದೀರಿ, ಒಂದು ಎಚ್ಚರಿಕೆ ಕೊಡಲೇಬೇಕು. ಮಾತಾಡುವ ಇಂಗ್ಲಿಷನ್ನು ಅಧಿಕಾರಿ ಅಳೆಯುವುದು ಸಿವಿಕ್ಸ್ ಉತ್ತರದಿಂದಲ್ಲ, ಎನ್-400 ಅರ್ಜಿಯ ಮೇಲಿನ ಪ್ರಶ್ನೆಗಳಿಂದ. ವಿಳಾಸ, ಪ್ರಯಾಣ, ಕೆಲಸ, ಕುಟುಂಬ, ಆಮೇಲೆ ‘ಹ್ಯಾವ್ ಯು ಎವರ್’ (ನೀವು ಎಂದಾದರೂ ಹೀಗೆ ಮಾಡಿದ್ದೀರಾ) ಎಂದು ಶುರುವಾಗುವ ಉದ್ದ ಸಾಲು. ಮೂರು ಅಂಗ ಅರೆದು ಕುಡಿದವರೂ ಇಲ್ಲಿ ಮುಗ್ಗರಿಸಬಹುದು.

ಆದರೆ ನಿಮ್ಮ ಪಾಠ ಇಲ್ಲಿಗೂ ನೇರವಾಗಿ ಬರುತ್ತದೆ. ಅರ್ಜಿಯಲ್ಲಿ ಒಂದು ಪ್ರಶ್ನೆ ಇದೆ: ಅಮೆರಿಕದ ಸಂವಿಧಾನವನ್ನೂ ಸರ್ಕಾರದ ಸ್ವರೂಪವನ್ನೂ ಬೆಂಬಲಿಸುತ್ತೀರಾ? ‘ಎಸ್’ ಎಂದ ಮೇಲೆ ‘ಸಂವಿಧಾನ ಅಂದರೇನು?’ ಎಂದು ಅಧಿಕಾರಿ ತಿರುಗಿ ಕೇಳಬಹುದು. ಅರ್ಥವಾಗಿ ಹೇಳಿದ್ದೋ ಸುಮ್ಮನೆ ಹೇಳಿದ್ದೋ ನೋಡಲು. ‘ದ ಹೈಯೆಸ್ಟ್ ಲಾ ಆಫ್ ದ ಕಂಟ್ರಿ’ ಎಂಬ ಪುಟ್ಟ ಉತ್ತರ ಸಿದ್ಧವಿರಲಿ. ‘ಓತ್’ಗೆ ‘ಎ ಸೀರಿಯಸ್ ಪ್ರಾಮಿಸ್’. ‘ಬೇರ್ ಆರ್ಮ್ಸ್’ ಎಂದರೆ ದೇಶಕ್ಕಾಗಿ ಆಯುಧ ಹಿಡಿಯುವುದು. ಇಂಥ ಹದಿನೈದಿಪ್ಪತ್ತು ಪದಗಳಿಗೆ ನಾಲ್ಕೈದು ಪದದೊಳಗಿನ ವಿವರಣೆ ಕಲಿಸಿದರೆ ಸಾಕು.

‘ಹ್ಯಾವ್ ಯು ಎವರ್’ ಎಂಬಲ್ಲಿ ಇನ್ನೊಂದು ತೊಂದರೆ. ಕೇಳುವುದೆಲ್ಲ ಕೆಟ್ಟ ಕೆಲಸದ ಬಗ್ಗೆ, ಹಾಗಾಗಿ ಸಾಲಾಗಿ ‘ನೋ, ನೋ’ ಎನ್ನುವುದು ಅಭ್ಯಾಸವಾಗಿಬಿಡುತ್ತದೆ. ಅದೇ ಓಘದಲ್ಲಿ ‘ಡು ಯು ಸಪೋರ್ಟ್ ದ ಕಾನ್‌ಸ್ಟಿಟ್ಯೂಷನ್’ ಬಂದಾಗಲೂ ‘ನೋ’ ಎಂದುಬಿಡುತ್ತಾರೆ. ‘ಹ್ಯಾವ್ ಯು’, ‘ಡು ಯು’, ‘ಆರ್ ಯು ವಿಲ್ಲಿಂಗ್’ ಮೂರನ್ನೂ ಕಲಸಿ ಕೇಳಿ ಅಭ್ಯಾಸ ಮಾಡಿಸಿ. ಉತ್ತರ ನಿಜವಾಗಿರಬೇಕು, ಅದು ಬೇರೆ ಹೇಳಬೇಕಿಲ್ಲ. ಅರ್ಜಿಯಲ್ಲಿ ತುಂಬಿದ್ದಕ್ಕೂ ಬಾಯಲ್ಲಿ ಹೇಳಿದ್ದಕ್ಕೂ ತಾಳೆಯಾಗಬೇಕು.

ತಲೆ ಅಲ್ಲಾಡಿಸುವುದನ್ನು ಬಿಡಿಸಿ. ನಮ್ಮ ‘ಹೂಂ’ ತಲೆಯಾಟ ಅವರಿಗೆ ‘ಇಲ್ಲ’ ಎಂದು ಕಾಣಬಹುದು. ಬಾಯಿಬಿಟ್ಟು ‘ಎಸ್’ ಅಥವಾ ‘ನೋ’. ಅರ್ಥವಾಗದಿದ್ದರೆ ‘ಪ್ಲೀಸ್ ರಿಪೀಟ್’, ಆಗಲೂ ಆಗದಿದ್ದರೆ ‘ಪ್ಲೀಸ್ ಸೇ ಇಟ್ ಅನದರ್ ವೇ’. ಪ್ರಶ್ನೆಯನ್ನು ಮತ್ತೆ ಹೇಳುವುದು, ಬೇರೆ ಮಾತಿನಲ್ಲಿ ಕೇಳುವುದು ಅಧಿಕಾರಿಯ ಕೆಲಸದಲ್ಲೇ ಸೇರಿದೆ, ಕೇಳಲು ಸಂಕೋಚ ಬೇಡ. ಅರ್ಥವಾಗದೆ ‘ಎಸ್’ ಎನ್ನುವುದೇ ಎಲ್ಲಕ್ಕಿಂತ ಅಪಾಯ.

ಶನಿವಾರದ_ತರಗತಿ

ನೀವೆಲ್ಲ ಹೇಳಿದ್ದನ್ನು ಸೇರಿಸಿ ಹೀಗೆ ಯೋಚಿಸಿದ್ದೇನೆ. ವಾರಕ್ಕೆ ಎರಡು ತರಗತಿ, ಒಂದೊಂದು 75 ನಿಮಿಷ, ಒಟ್ಟು 12 ವಾರ. ಮೊದಲ ವಾರ ಕನ್ನಡದಲ್ಲಿ. ಎರಡು, ಮೂರು, ನಾಲ್ಕು ಕಾಂಗ್ರೆಸ್. ಐದು, ಆರು ಅಧ್ಯಕ್ಷ ಮತ್ತು ಕ್ಯಾಬಿನೆಟ್. ಏಳು ಸುಪ್ರೀಂ ಕೋರ್ಟ್. ಎಂಟು, ಒಂದು ಅಂಗ ಇನ್ನೊಂದನ್ನು ತಡೆಯುವ ಬಗೆ, ಅಲ್ಲೇ ‘ವೈ’ ಪ್ರಶ್ನೆ. ಒಂಬತ್ತು ಒಕ್ಕೂಟ–ರಾಜ್ಯದ ಅಧಿಕಾರ. ಉಳಿದ ಮೂರು ವಾರ ಇತಿಹಾಸ, ಹಕ್ಕುಗಳು, ಅಣಕು ಸಂದರ್ಶನ. ಅರ್ಜಿಯ ಪ್ರಶ್ನೆಗಳಿಗೆ ಮೊದಲ ದಿನದಿಂದಲೇ ಪ್ರತಿ ತರಗತಿಯಲ್ಲಿ 15 ನಿಮಿಷ. ಸರಿಯೇ?

ಪೌರನೀತಿ_ಮೇಷ್ಟ್ರು

ಇತಿಹಾಸ, ಹಕ್ಕು ಮತ್ತು ಅಣಕು ಸಂದರ್ಶನಕ್ಕೆ ಮೂರು ವಾರ ಕಮ್ಮಿ, ಇನ್ನೆರಡು ಸೇರಿಸಿ. ಸ್ವಾತಂತ್ರ್ಯ ಹೋರಾಟ, ಅಂತರ್ಯುದ್ಧ, ಲಿಂಕನ್ ಇವು ಕಥೆಗಳು, ಭೂತಕಾಲದ ಇಂಗ್ಲಿಷ್ ಅಲ್ಲಿ ಕಲಿಸಬೇಕಾಗುತ್ತದೆ. ಮೂರು ಅಂಗದ ಪಾಠ ವರ್ತಮಾನಕಾಲಕ್ಕೆ ಮಾತ್ರ ಹೇಳಿ ಮಾಡಿಸಿದ್ದು.

ಎಂಟನೇ ವಾರಕ್ಕೆ ಒಂದು ಮಸೂದೆಯ ಪ್ರಯಾಣವನ್ನು ಇಟ್ಟುಕೊಳ್ಳಿ, ಅಲ್ಲಿ ಮೂರೂ ಅಂಗ ಒಂದೇ ಕಡೆ ಸೇರುತ್ತವೆ. ಎಂಟು ಜನಕ್ಕೆ ಎಂಟು ವಾಕ್ಯ ಹಂಚಿ: ಸದಸ್ಯರೊಬ್ಬರು ಮಸೂದೆ ಮಂಡಿಸುತ್ತಾರೆ. ಸಮಿತಿ ಪರಿಶೀಲಿಸುತ್ತದೆ. ಹೌಸ್ ಮತ ಹಾಕುತ್ತದೆ. ಸೆನೆಟ್ ಮತ ಹಾಕುತ್ತದೆ. ಅಧ್ಯಕ್ಷರು ವೀಟೊ ಹಾಕುತ್ತಾರೆ. ಕಾಂಗ್ರೆಸ್ ಮತ್ತೆ ಮತ ಹಾಕುತ್ತದೆ. ಮಸೂದೆ ಕಾನೂನಾಗುತ್ತದೆ. ಸುಪ್ರೀಂ ಕೋರ್ಟ್ ಅದು ಸಂವಿಧಾನಕ್ಕೆ ವಿರುದ್ಧವೋ ಎಂದು ನೋಡುತ್ತದೆ. ಒಬ್ಬೊಬ್ಬರೂ ತಮ್ಮ ವಾಕ್ಯವನ್ನು ಇಂಗ್ಲಿಷ್‌ನಲ್ಲಿ ಹೇಳಿ ಹಾಳೆಯನ್ನು ಮುಂದಿನವರ ಕೈಗೆ ಕೊಡಲಿ. ಎರಡನೇ ಸುತ್ತಿನಲ್ಲಿ ಜಾಗ ಬದಲಿಸಿ. ಎಲ್ಲರೂ ಹಾಜರಿದ್ದು ಮತ ಹಾಕಿದರೆ ಮೂರನೇ ಎರಡು ಭಾಗ ಎಂದರೆ ಹೌಸ್‌ನಲ್ಲಿ 290, ಸೆನೆಟ್‌ನಲ್ಲಿ 67. ಪರೀಕ್ಷೆಗೆ ಬೇಕಿಲ್ಲ, ಆದರೆ ವೀಟೊ ಮುರಿಯುವುದು ಎಷ್ಟು ಕಷ್ಟ ಎಂಬುದು ಈ ಅಂಕಿಯಿಂದ ಮನಸ್ಸಿಗೆ ನಾಟುತ್ತದೆ. ಸಂವಿಧಾನಕ್ಕೆ ವಿರುದ್ಧವಾದ ಕಾನೂನನ್ನು ಕೋರ್ಟ್ ಅನೂರ್ಜಿತಗೊಳಿಸಬಹುದು ಎಂಬುದು ಗಟ್ಟಿಯಾದದ್ದು 1803ರ ಮಾರ್ಬರಿ ವಿರುದ್ಧ ಮ್ಯಾಡಿಸನ್ ತೀರ್ಪಿನಿಂದ. ಆಸಕ್ತಿ ಇದ್ದವರಿಗೆ ಕನ್ನಡದಲ್ಲಿ ಹೇಳಿ, ಇಂಗ್ಲಿಷ್‌ನಲ್ಲಿ ಬೇಡ.

ಧಾರವಾಡದಾಕಿ

ಒಂಬತ್ತನೇ ವಾರ ಭಾಳ ಹಗುರ ಆಗ್ತದ ನೋಡ್ರಿ. ನೋಟು ಅಚ್ಚು ಹಾಕೂದು, ಯುದ್ಧ, ಸೈನ್ಯ, ಒಪ್ಪಂದ ಒಕ್ಕೂಟದ್ದು. ಸಾಲಿ, ಪೊಲೀಸು, ಬೆಂಕಿ ಆರಿಸೋರು, ಡ್ರೈವಿಂಗ್ ಲೈಸೆನ್ಸ್ ರಾಜ್ಯದ್ದು. ಮೊಮ್ಮಕ್ಕಳ ಸಾಲಿ, ಮಗನ ಲೈಸೆನ್ಸ್ ತೋರಿಸಿ ಕಲಸ್ರಿ.

ಮಲ್ಲಿಗೆ_ಬಳ್ಳಿ

ಹೆಸರುಗಳ ಪ್ರಶ್ನೆ ಮರೆಯಬೇಡಿ. ನಿಮ್ಮ ರಾಜ್ಯದ ಸೆನೆಟರ್, ನಿಮ್ಮ ಕ್ಷೇತ್ರದ ಪ್ರತಿನಿಧಿ, ಗವರ್ನರ್, ಹೌಸ್‌ನ ಸ್ಪೀಕರ್, ಮುಖ್ಯ ನ್ಯಾಯಮೂರ್ತಿ: ಈ ಉತ್ತರಗಳು ಬದಲಾಗುತ್ತಿರುತ್ತವೆ, ಅಚ್ಚಾದ ಪುಸ್ತಕ ನಂಬಬೇಡಿ. ಸಂದರ್ಶನದ ವಾರ ಮತ್ತೆ ನೋಡಿಕೊಳ್ಳಬೇಕು. ಗವರ್ನರ್ ಅಂದರೆ ಅಲ್ಲಿ ಜನ ಆರಿಸಿದ ರಾಜ್ಯದ ಮುಖ್ಯಸ್ಥರು, ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಇದನ್ನೂ ಒಮ್ಮೆ ಹೇಳಿಬಿಡಿ. ‘ಒಂದು ಹೆಸರು ಹೇಳಿ’ ಎಂದರೆ ಒಂದೇ ಹೇಳಿ ನಿಲ್ಲಿಸಬೇಕು. ಇಬ್ಬರು ಸೆನೆಟರುಗಳಲ್ಲಿ ಯಾರ ಹೆಸರು ನಾಲಗೆಗೆ ಸುಲಭವೋ ಅದನ್ನೇ ಕಲಿಸಿ.

ಶನಿವಾರದ_ತರಗತಿ

ಸರಿ, 14 ವಾರ ಮಾಡುತ್ತೇನೆ. ಕೊನೆಯದಾಗಿ, ಮೊದಲ ಸಲ ಆಗದಿದ್ದರೆ?

ಅರ್ಜಿ_ಸಹಾಯ

ಒಂದೇ ಅರ್ಜಿಯ ಮೇಲೆ ಇನ್ನೊಂದು ಅವಕಾಶ ಇದೆ. 60ರಿಂದ 90 ದಿನದೊಳಗೆ ಮತ್ತೆ ಕರೆಯುತ್ತಾರೆ, ಯಾವ ಭಾಗದಲ್ಲಿ ಫೇಲ್ ಆಗಿದೆಯೋ ಅದನ್ನು ಮಾತ್ರ ಕೇಳುತ್ತಾರೆ. ಸಿವಿಕ್ಸ್ ಪಾಸಾಗಿ ಬರಹ ಹೋಗಿದ್ದರೆ ಬರಹ ಮಾತ್ರ. ಹೊರಬರುವಾಗ ಫಲಿತಾಂಶದ ಹಾಳೆ ಕೊಡುತ್ತಾರೆ, ಅದರಲ್ಲಿ ಯಾವ ಭಾಗ ಉಳಿದಿದೆ ಎಂದು ಗುರುತು ಹಾಕಿರುತ್ತಾರೆ. ಆ ಹಾಳೆ ನೋಡಿ ಆ ಎರಡು ತಿಂಗಳ ಪಾಠ ಹಾಕಿಕೊಳ್ಳಿ.